ಕರೆಂಟ್ ಬರುವ ಮೊದಲು ದೂರು ಮುಚ್ಚಬೇಡಿ: ವಿದ್ಯುತ್ ಸರಬರಾಜು ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಂಪನಿಯ ಕಂಪ್ಯೂಟರಿನಲ್ಲಿ ನಮ್ಮ ಬಡಾವಣೆಗೆ ಕರೆಂಟ್ ಇದೆ. ಮನೆಗಳಲ್ಲಿ ಇಲ್ಲ. ವರ್ಷಗಳಿಂದ ಹೀಗೇ ನಡೆದಿದೆ, ನಾವೂ ಸಹಿಸಿಕೊಂಡು ಬಂದಿದ್ದೇವೆ. ಶಾಖಾ ಕಚೇರಿಗೆ, ಉಪವಿಭಾಗಕ್ಕೆ ಕೊಟ್ಟ ಮನವಿಗಳೆಲ್ಲ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಅಲ್ಲೇ ಕೂತಿವೆ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇವೆ. ಬೇಡಿಕೆ ಒಂದೇ: ದೂರು ಕೊಟ್ಟವರನ್ನು ಕೇಳದೆ ದೂರನ್ನು ಮುಚ್ಚಬೇಡಿ.

ಸೇವೆಯ ಮಟ್ಟ ತಪ್ಪಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಎನ್ನುವ 2003ರ ವಿದ್ಯುತ್ ಕಾಯ್ದೆಯ 57ನೇ ಕಲಮನ್ನು ನಿಮಗೆ ನಾವು ಹೇಳಬೇಕಿಲ್ಲ. 2020ರ ಗ್ರಾಹಕರ ಹಕ್ಕುಗಳ ನಿಯಮಗಳೂ ನಿಮ್ಮ ಮೇಜಿನ ಮೇಲಿರುತ್ತವೆ. ಫ್ಯೂಸ್ ಹೋದರೆ ಇಷ್ಟು ಗಂಟೆ, ಲೈನ್ ಹರಿದರೆ ಇಷ್ಟು, ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಸುಟ್ಟರೆ ಇಷ್ಟು ಎಂದು ವಿದ್ಯುತ್ ನಿಯಂತ್ರಣ ಆಯೋಗ ಹಾಕಿಕೊಟ್ಟ ಗಡುವುಗಳಿವೆ. ಆ ಗಡುವಿನ ಗಡಿಯಾರ ನಿಲ್ಲಬೇಕಾದದ್ದು ಮನೆಗೆ ಕರೆಂಟ್ ಬಂದಾಗ. ನಿಮ್ಮಲ್ಲಿ ಅದು ನಿಲ್ಲುವುದು ಯಾರೋ ಕಂಪ್ಯೂಟರಿನಲ್ಲಿ ದೂರು ಮುಚ್ಚಿದಾಗ. ಕಂಬ ಹತ್ತುವುದಕ್ಕಿಂತ ಅದು ಸುಲಭ, ಒಪ್ಪುತ್ತೇವೆ.

ಇದು ನಡೆಯುವ ಬಗೆ ಹೀಗೆ. ಗ್ರಾಹಕರು ಸಹಾಯವಾಣಿ 1912ಕ್ಕೆ ಕರೆ ಮಾಡಿ ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ ಕೊಡುತ್ತಾರೆ. ಅಲ್ಲಿನವರು ಆ ಮನೆ ಯಾವ ಫೀಡರಿನಲ್ಲಿ, ಅಂದರೆ ಸ್ಟೇಷನ್ನಿನಿಂದ ಹೊರಡುವ ಯಾವ ಮುಖ್ಯ ಲೈನಿನಲ್ಲಿದೆ ಎಂದು ನೋಡುತ್ತಾರೆ. ಸ್ಟೇಷನ್ನಿನಲ್ಲಿ 11 ಕೆವಿ ಫೀಡರ್ ಚಾಲೂ ಇದ್ದರೆ ‘ಸಪ್ಲೈ ನಾರ್ಮಲ್’. ಸ್ವಲ್ಪ ಹೊತ್ತಿಗೆ ಮೊಬೈಲಿಗೆ ಸಂದೇಶ: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಆದರೆ ಫೀಡರಿನಿಂದ ಮನೆಯ ಬಲ್ಬಿನವರೆಗೆ ಟಿಸಿಗಿಂತ ಮೊದಲಿನ ಎಚ್‌ಜಿ ಫ್ಯೂಸ್ ಇದೆ, ಟಿಸಿ ಇದೆ, ಮನೆಗಳ ಕಡೆಯ ಫ್ಯೂಸ್‌ಗಳಿರುವ ಎಲ್‌ಟಿ ಬಾಕ್ಸ್ ಇದೆ, ಕಂಬಗಳ ಮೇಲೆ ತಂತಿಗೆ ತಂತಿ ಜೋಡಿಸುವ ಜಂಪರ್‌ಗಳಿವೆ, ಕೊನೆಗೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಇದೆ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಸ್ಟೇಷನ್ನಿನ ಪರದೆಗೆ ಕಾಣುವುದಿಲ್ಲ. ಮನೆಗಳಿಗೆ ಕರೆಂಟ್ ಹಂಚುವ ಮೂರು ಫೇಸ್ ತಂತಿಗಳಲ್ಲಿ ಒಂದರ ಎಲ್‌ಟಿ ಫ್ಯೂಸ್ ಹೋಗಿ ಸಾಲಿನ ಮೂರನೇ ಒಂದು ಪಾಲು ಮನೆಗಳು ಕತ್ತಲಾದರೂ ಫೀಡರಿನ ಲೋಡ್ ಗಮನಕ್ಕೆ ಬರುವಷ್ಟು ಇಳಿಯುವುದಿಲ್ಲ. ಅಷ್ಟು ಜಾಗದಲ್ಲಿ ನಿಮಗಿರುವ ಏಕೈಕ ಮಾಪಕ ಗ್ರಾಹಕರ ದೂರು. ಅದನ್ನೇ ಅಳಿಸಿಹಾಕುತ್ತೀರಿ, ಆಮೇಲೆ ಫೀಡರ್ ಲೆಕ್ಕ ತೋರಿಸಿ ಅಡಚಣೆ ಕಡಿಮೆಯಾಗಿದೆ ಎನ್ನುತ್ತೀರಿ.

ಕರೆ ತೆಗೆದುಕೊಳ್ಳುವವರ ಮೇಲೆ ನಮಗೆ ಸಿಟ್ಟಿಲ್ಲ. ಅವರ ಕೈಗೆ ನೀವು ಕೊಟ್ಟಿರುವ ಪ್ರಶ್ನೆಗಳೇ ತಪ್ಪು. ‘ಪವರ್ ಇಲ್ಲವಾ ಸರ್?’ ಎಂದಷ್ಟೇ ಕೇಳಿದರೆ ಏನೂ ತಿಳಿಯದು. ಪಕ್ಕದ ಮನೆಯಲ್ಲಿ ಇದೆಯೇ? ಮೀಟರಿನ ದೀಪ ಉರಿಯುತ್ತಿದೆಯೇ? ಪೂರ್ತಿ ಹೋಗಿದೆಯೋ, ಡಿಮ್ಮೋ, ಅಥವಾ ಬಲ್ಬು ವಿಪರೀತ ಪ್ರಖರವಾಗಿದೆಯೋ? ಇಷ್ಟು ಕೇಳಿದರೆ ಲೈನ್‌ಮನ್ ಹೊರಡುವ ಮೊದಲೇ ಅರ್ಧ ಕೆಲಸ ಮುಗಿಯುತ್ತದೆ. ಮೀಟರಿನಲ್ಲಿ ದೀಪವಿದ್ದು ಮನೆಯೊಳಗೆ ಮಾತ್ರ ಕತ್ತಲೆಯಿದ್ದರೆ ಅದು ಮನೆಯ ಎಲೆಕ್ಟ್ರಿಷಿಯನ್ ಕೆಲಸ: ಎಲ್ಲ ಎಂಸಿಬಿ (ಒಂದೊಂದು ಸರ್ಕ್ಯೂಟಿನ ಸ್ವಿಚ್) ಕೆಳಗಿಳಿಸಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಮೇಲೆತ್ತಿ, ಒಂದೊಂದೇ ಎಂಸಿಬಿ ಹಾಕುತ್ತ ಹೋದರೆ ಯಾವುದಕ್ಕೆ ಟ್ರಿಪ್ ಆಗುತ್ತದೋ ಆ ಸರ್ಕ್ಯೂಟಿನಲ್ಲಿ ದೋಷ. ಮೀಟರಿನ ದೀಪವೂ ಆರಿದ್ದು ಪಕ್ಕದ ಮನೆಯಲ್ಲಿ ಕರೆಂಟ್ ಇದ್ದರೆ ಒಂದು ಫೇಸ್ ಹೋಗಿದೆ, ಇಲ್ಲವೇ ಕಂಬದ ಮೇಲೆ ಸರ್ವಿಸ್ ವೈರಿನ ಜೋಡಣೆ ಬಿಟ್ಟಿದೆ. ಆಗ ಬರಬೇಕಾದವರು ನಿಮ್ಮವರು. ನಿಮ್ಮ ಕಾಲ್ ಸೆಂಟರಿನಲ್ಲಿ ಈ ಎರಡಕ್ಕೂ ಒಂದೇ ಖಾನೆ.

ಇನ್ನು ನಮ್ಮ ಮನೆಗಳ ಉಪಕರಣಗಳು ಸುಟ್ಟುಹೋದ ಸಂಜೆಯ ವಿಷಯ. ನಮ್ಮ ಸಾಲಿನಲ್ಲಿ ಕೆಲವು ಮನೆಗಳ ದೀಪ ಮಂಕಾಗಿ, ಕೆಲವು ಮನೆಗಳ ದೀಪ ಕಣ್ಣು ಕುಕ್ಕುವಷ್ಟು ಪ್ರಖರವಾಯಿತು. ಕೆಲಸ ಬಲ್ಲ ಯಾವ ಲೈನ್‌ಮನ್‌ಗಾದರೂ ಇಷ್ಟು ಹೇಳಿದರೆ ಸಾಕು, ‘ನ್ಯೂಟ್ರಲ್ ಕಟ್ಟಾಗಿದೆ, ಮೊದಲು ಟಿಸಿ ಆಫ್ ಮಾಡಿ’ ಎನ್ನುತ್ತಾನೆ. ನ್ಯೂಟ್ರಲ್ ಎಂದರೆ ಮನೆಗಳಿಂದ ಕರೆಂಟ್ ಟಿಸಿಗೆ ಮರಳುವ ತಂತಿ. ನಿಮ್ಮಲ್ಲಿ ಅದು ‘ವೋಲ್ಟೇಜ್ ಏರಿಳಿತ, ತುರ್ತಲ್ಲ’ ಎಂದು ದಾಖಲಾಯಿತು. ಮತ್ತೆ ಕರೆ ಮಾಡಿದವರಿಗೆ ಹಳೆಯ ದೂರು ಬಾಕಿ ಇದೆ, ಹೊಸದು ದಾಖಲಾಗದು ಎಂಬ ಉತ್ತರ. ಮನೆಮನೆಗಳಲ್ಲಿ ಟಿವಿ, ಫ್ರಿಜ್, ನೀರಿನ ಫಿಲ್ಟರ್ ಸುಟ್ಟ ವಾಸನೆ ಹಬ್ಬಿದ್ದಾಗ ಸಂದೇಶ ಬಂತು: ಪರಿಹರಿಸಲಾಗಿದೆ, ಸಹಕಾರಕ್ಕೆ ಧನ್ಯವಾದಗಳು. ನ್ಯೂಟ್ರಲ್ ತಂತಿ ಆಗಿನ್ನೂ ಕಂಬದಿಂದ ನೇತಾಡುತ್ತಿತ್ತು. ಧನ್ಯವಾದ ಯಾವ ಸಹಕಾರಕ್ಕೆ ಎಂದು ಇವತ್ತಿಗೂ ಅರ್ಥವಾಗಿಲ್ಲ. ಮರುದಿನ ಬಂದ ಅಧಿಕಾರಿ ‘ನಿಮ್ಮ ಮನೆಗಳ ವೈರಿಂಗ್ ಸರಿಯಿಲ್ಲ’ ಎಂದು ಹೇಳಿ ಹೋದರು. ಅಷ್ಟೂ ಮನೆಗಳ ವೈರಿಂಗ್ ಒಂದೇ ಸಂಜೆ, ಒಂದೇ ಗಳಿಗೆಯಲ್ಲಿ ಕೆಟ್ಟಿತಂತೆ.

ಲೆಕ್ಕ ಸರಳ. ನ್ಯೂಟ್ರಲ್ ಗಟ್ಟಿಯಿದ್ದಾಗ ಪ್ರತಿ ಮನೆಗೂ 230 ವೋಲ್ಟ್. ಅದು ತುಂಡಾದರೆ ಬೇರೆ ಬೇರೆ ಫೇಸಿನ ಎರಡು ಮನೆಗಳು ಒಂದರ ಹಿಂದೆ ಒಂದು ಜೋಡಿಸಿದಂತಾಗಿ ಎರಡು ಫೇಸ್‌ಗಳ ನಡುವಿನ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಒಂದರಲ್ಲಿ 2000 ವ್ಯಾಟಿನ ಗೀಸರ್, ಇನ್ನೊಂದರಲ್ಲಿ ಬರೀ 100 ವ್ಯಾಟಿನಷ್ಟು ಬಳಕೆ ಎಂದುಕೊಳ್ಳಿ. ಗೀಸರಿನ ರೋಧ ಸುಮಾರು 26 ಓಮ್, ಇನ್ನೊಂದರದು 529. ಕಡಿಮೆ ಬಳಸುವ ಮನೆಗೆ ಸುಮಾರು 380 ವೋಲ್ಟ್ ಬಂದು ಬೀಳುತ್ತದೆ. ಮಿತವಾಗಿ ಕರೆಂಟ್ ಬಳಸಿ ಎಂಬ ನಿಮ್ಮ ಜಾಹೀರಾತನ್ನು ಪಾಲಿಸಿದವರ ಟಿವಿಯೇ ಮೊದಲು ಸುಡುವುದು. ಹೀಗಾದಾಗ ಗ್ರಾಹಕರು ಮಾಡಬಹುದಾದದ್ದು ಮೇನ್ ಸ್ವಿಚ್ ಆಫ್ ಮಾಡುವುದು, ಕರೆಯಲ್ಲಿ ‘ನ್ಯೂಟ್ರಲ್ ಹೋಗಿದೆ’ ಎಂದೇ ಹೇಳುವುದು, ಬಿದ್ದ ತಂತಿಯ ಹತ್ತಿರ ಯಾರನ್ನೂ ಬಿಡದಿರುವುದು. ಉಳಿದದ್ದು ಕಂಪನಿಯ ಕೆಲಸ.

ಆ ನ್ಯೂಟ್ರಲ್ ಸುಮ್ಮನೆ ತುಂಡಾಗಲಿಲ್ಲ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಅದೇ ಟಿಸಿಯಲ್ಲಿ ಸಂಜೆ ಹೊತ್ತು ಒಂದೇ ಫೇಸಿನ ಫ್ಯೂಸ್ ಹೋಗುತ್ತಿತ್ತು. ದೂರು, ಫ್ಯೂಸ್, ಮುಚ್ಚು. ಮತ್ತೆ ದೂರು, ಫ್ಯೂಸ್, ಮುಚ್ಚು. ಕೊನೆಕೊನೆಗೆ ಫ್ಯೂಸ್ ತಂತಿಯ ಬದಲು ದಪ್ಪ ಅಲ್ಯೂಮಿನಿಯಂ ಎಳೆ ಸುತ್ತಿದರು. ಅಲ್ಲಿಗೆ ಫ್ಯೂಸ್ ಹೋಗುವುದು ನಿಂತಿತು, ದೂರೂ ನಿಂತಿತು. ಆದರೆ ಫ್ಯೂಸ್ ತಡೆಯಬೇಕಿದ್ದ ಬಿಸಿ ಟಿಸಿಗೂ ತಂತಿಯ ಜೋಡಣೆಗಳಿಗೂ ಹೋಯಿತು. 63 ಕೆವಿಎ ಸಾಮರ್ಥ್ಯದ ಟಿಸಿ ಒಂದು ಫೇಸಿಗೆ ಸುಮಾರು 84 ಆಂಪಿಯರ್ ಕೊಡಬಲ್ಲದು. 63ರ ಟಿಸಿಯಲ್ಲಿ ಒಂದು ಫೇಸಿಗೆ 110, ಇನ್ನೆರಡಕ್ಕೆ 45 ಮತ್ತು 40 ಆಂಪಿಯರ್ ಇದೆ ಎಂದುಕೊಂಡರೆ ನ್ಯೂಟ್ರಲ್‌ನಲ್ಲಿ ಸುಮಾರು 68 ಆಂಪಿಯರ್ ಹರಿಯುತ್ತದೆ. ಕ್ಲ್ಯಾಂಪ್ ಹಾಕದೆ ಕೈಯಲ್ಲಿ ತಿರುಚಿ ಕಟ್ಟಿದ ನ್ಯೂಟ್ರಲ್ ಜಂಪರ್ ಅಷ್ಟು ಕರೆಂಟಿಗೆ ಎಷ್ಟು ದಿನ ತಡೆದೀತು? ಕಾದು, ಸಡಿಲವಾಗಿ, ಕಿಡಿ ಹಾರಿ, ಒಂದು ದಿನ ಕಳಚಿಬೀಳುತ್ತದೆ. ಸಂಜೆ ಏಳರಿಂದ ಒಂಬತ್ತರ ಒಳಗೆ ತಂತಿಯ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ಮೂರೂ ಫೇಸ್ ಮತ್ತು ನ್ಯೂಟ್ರಲ್ ಅಳೆದಿದ್ದರೆ ಇದೆಲ್ಲ ಮೊದಲೇ ಗೊತ್ತಾಗುತ್ತಿತ್ತು. ಭಾರವಿದ್ದ ಫೇಸಿನ ಕೆಲವು ಸರ್ವಿಸ್‌ಗಳನ್ನು ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸ ಮಾಡಲು ಅನುಮತಿ) ತೆಗೆದುಕೊಂಡು ಕಂಬದಲ್ಲೇ ಬೇರೆ ಫೇಸಿಗೆ ಬದಲಿಸಿದ್ದರೆ ಸಾಕಿತ್ತು. ಅದಕ್ಕೆ ಟೆಂಡರ್ ಬೇಕಿಲ್ಲ, ಹೊಸ ಟಿಸಿಯೂ ಬೇಕಿಲ್ಲ. ಅಳೆಯಲು ಯಾರೂ ಬರಲಿಲ್ಲ, ಯಾಕೆಂದರೆ ಕಡತದಲ್ಲಿ ಎಲ್ಲ ದೂರುಗಳೂ ಮುಚ್ಚಿದ್ದವು.

ಆದ್ದರಿಂದ ಮತ್ತೆ ಹೇಳುತ್ತೇವೆ: ದೂರು ಕೊಟ್ಟವರನ್ನು ಕೇಳದೆ ದೂರು ಮುಚ್ಚಬೇಡಿ. ಗ್ಯಾಸ್ ಸಿಲಿಂಡರ್ ತಂದುಕೊಡುವವರು ನಮ್ಮಿಂದ ಒಟಿಪಿ ಕೇಳಿ ಪಡೆಯುತ್ತಾರೆ. ನಿಮಗೆ ಅದೇಕೆ ಆಗದು? ಕರೆಂಟ್ ಬರದಿದ್ದರೆ ಅದೇ ಡಾಕೆಟ್ (ದೂರಿನ) ನಂಬರಿನಲ್ಲಿ, ಮೊದಲ ಕರೆಯ ಸಮಯವನ್ನೇ ಉಳಿಸಿಕೊಂಡು ದೂರು ಮತ್ತೆ ತೆರೆಯಬೇಕು. ಒಂದೇ ಟಿಸಿಯಿಂದ ಒಂದು ತಿಂಗಳಲ್ಲಿ ಮೂರನೇ ಫ್ಯೂಸ್ ದೂರು ಬಂದರೆ ಅದು ತಾನಾಗಿ ಜೆಇ (ಕಿರಿಯ ಎಂಜಿನಿಯರ್) ಹೆಸರಿಗೆ ಹೋಗಬೇಕು. ಲೋಡ್ ಅಳೆದ ಅಂಕಿ ಬರೆಯದೆ ಅವರಿಗೂ ಅದನ್ನು ಮುಚ್ಚಲು ಬರಬಾರದು. ‘ಕೆಲವರ ಮನೆ ಡಿಮ್, ಕೆಲವರ ಮನೆ ಪ್ರಖರ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅದು ತಂತಿ ಹರಿದುಬಿದ್ದಷ್ಟೇ ತುರ್ತು ಎಂದು ಕಾಲ್ ಸೆಂಟರಿಗೆ ಬರೆದುಕೊಡಿ. ರಾತ್ರಿ ಪಾಳಿಗೆ ಇನ್ನಷ್ಟು ಜನ ಬೇಕು ಎಂಬುದು ನಿಮಗೂ ಗೊತ್ತು, ಅದನ್ನು ಬೇರೆ ಬರೆಯುವುದಿಲ್ಲ.

ಪರಿಹಾರದ ಮಾತು. ದೂರದಿಂದಲೇ ಗಮನಿಸಬಹುದಾದ ಲೋಪಗಳಿಗೆ ಪರಿಹಾರ ತಾನಾಗಿ ಸಿಗಬೇಕು ಎನ್ನುತ್ತವೆ 2020ರ ನಿಯಮಗಳು. ಟಿಸಿಯಿಂದ ಆಚೆಗಿನದು ನಿಮ್ಮ ಪರದೆಗೆ ಕಾಣುವುದೇ ಇಲ್ಲವಲ್ಲ, ಎಷ್ಟು ಅನುಕೂಲ! ಹಾಗಾಗಿ ಸುಟ್ಟ ಉಪಕರಣಗಳ ಪಟ್ಟಿ, ರಿಪೇರಿ ಬಿಲ್ಲುಗಳು, ನೇತಾಡುವ ನ್ಯೂಟ್ರಲ್‌ನ ಸಮಯಸಹಿತ ಫೋಟೊ, ‘ಪರಿಹರಿಸಲಾಗಿದೆ’ ಎಂಬ ಸಂದೇಶದ ಪ್ರತಿ ಎಲ್ಲವನ್ನೂ ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕೊಟ್ಟಿದ್ದೇವೆ. ಇದೇ ಕಡತ ಕಾಯ್ದೆಯ 42(5)ನೇ ಕಲಮಿನಡಿ ಗ್ರಾಹಕರ ಕುಂದುಕೊರತೆ ವೇದಿಕೆಗೂ ಹೋಗುತ್ತಿದೆ. ಅಲ್ಲಿ ಆಗದಿದ್ದರೆ ಓಂಬುಡ್ಸ್‌ಮನ್ ಬಳಿಗೆ. ಅಷ್ಟರೊಳಗೆ ಟಿಸಿಯ ಬಳಿ ಆ ಅಲ್ಯೂಮಿನಿಯಂ ಎಳೆ ತೆಗೆಸಿ, ಸರಿಯಾದ ಫ್ಯೂಸ್ ಹಾಕಿಸಿ. ಅದು ಇನ್ನೂ ಅಲ್ಲೇ ಇದೆ.

ಇಂತಿ,
ಬಡಾವಣೆಯ ಗ್ರಾಹಕರು