ಸಂಜೆಯ ಕುಟುಂಬ ಪ್ರಾರ್ಥನೆಗೆ ಸಮಯ ಬಿಡಿ

ಮಾನ್ಯ ಸಂಪಾದಕರೇ,

ಕ್ರೈಸ್ತರ ಪ್ರಾರ್ಥನೆ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ವರ್ಷದ ಕೆಲವೇ ದಿನಗಳಲ್ಲಿ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಆರಾಧನೆ, ಶುಭ ಶುಕ್ರವಾರದ ಶಿಲುಬೆ ಹಾದಿ, ಸೆಪ್ಟೆಂಬರ್ 8ರಂದು ಕರಾವಳಿಯ ಇಗರ್ಜಿಗಳಲ್ಲಿ ಹೊಸ ತೆನೆಗೆ ದೊರೆಯುವ ಆಶೀರ್ವಾದ, ಇಲ್ಲವಾದರೆ ಮೈದಾನದಲ್ಲಿ ಪೆಂಡಾಲ್ ಹಾಕಿ ನಡೆಸುವ ಪ್ರಾರ್ಥನಾ ಕೂಟ. ಇವುಗಳಿಗೆ ಪತ್ರಿಕೆಯಲ್ಲಿ ಜಾಗ ಸಿಗುತ್ತಿರುವುದು ಸಂತೋಷದ ವಿಷಯವೇ. ಆದರೆ ಇವನ್ನಷ್ಟೇ ಕಾಣುತ್ತ ಬಂದವರಿಗೆ, ನಮ್ಮ ಸಮುದಾಯದ ಯುವಜನರಿಗೂ ಕೂಡ, ಪ್ರಾರ್ಥನೆಯೆಂದರೆ ಹಬ್ಬಕ್ಕೋ ಸಂಕಟಕ್ಕೋ ಮೀಸಲಾದ ಕಾರ್ಯಕ್ರಮ ಎಂಬ ಭಾವನೆ ಬಲಿಯುತ್ತಿದೆ. ಕ್ರೈಸ್ತ ಜೀವನದಲ್ಲಿ ಪ್ರಾರ್ಥನೆಯ ನೆಲೆ ಮೊದಲಿಗೆ ಮನೆ, ಅದರ ಹೊತ್ತು ಪ್ರತಿದಿನದ ಸಂಜೆ. ಆ ಹೊತ್ತು ಸದ್ದಿಲ್ಲದೆ ನಮ್ಮ ಕೈತಪ್ಪುತ್ತಿದೆ ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕಥೋಲಿಕ ಮನೆಗಳಲ್ಲಿ ಮುಸ್ಸಂಜೆ ಪ್ರಾರ್ಥನೆಗೆ ಕರೆಯುವ ಇಗರ್ಜಿಯ ಆಮೊರಿ ಗಂಟೆ ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಆಮೇಲೆ ಮನೆಮಂದಿಯೆಲ್ಲ ಪೀಠದ ಮುಂದೆ ಮೊಣಕಾಲೂರಿ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವುದು, ಅದು ಮುಗಿದೊಡನೆ ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು ಬೆಸಾಂವ್ (ಆಶೀರ್ವಾದ) ಬೇಡುವುದು. ಜಪಸರದ 50 ‘ನಮೋ ಮರಿಯ’ ಜಪಗಳು ಮುಗಿಯುವಷ್ಟರಲ್ಲಿ ತೂಕಡಿಸಿದ ಮಗುವನ್ನೂ ಎಬ್ಬಿಸಿ ಆಶೀರ್ವಾದಕ್ಕೆ ನಿಲ್ಲಿಸುತ್ತಿದ್ದರು. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ನಮ್ಮಂಥ ಪ್ರೊಟೆಸ್ಟಂಟ್ ಮನೆಗಳಲ್ಲಿ ಕ್ರಮ ಬೇರೆ: ಒಂದು ಹಾಡು, ಸತ್ಯವೇದದ (ಬೈಬಲ್) ಒಂದು ಅಧ್ಯಾಯವನ್ನು ಸರದಿಯಂತೆ ಓದುವುದು, ಮನೆಯ ಹಿರಿಯರೊಬ್ಬರ ಪ್ರಾರ್ಥನೆ, ಕೊನೆಗೆ ಎಲ್ಲರೂ ಒಟ್ಟಾಗಿ ಹೇಳುವ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಅದರಲ್ಲಿ ಬರುವ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಹೆಸರಿಗೆ ಬಂದಾಗ ನಾಲಗೆ ತೊಡರಿಸಿಕೊಂಡು, ಅಣ್ಣನಿಂದ ತಿದ್ದಿಸಿಕೊಂಡು, ಗಟ್ಟಿಯಾಗಿ ಕನ್ನಡ ಓದಲು ಕಲಿತ ಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲಿ ಒಬ್ಬ.

ಈ ಪ್ರಾರ್ಥನೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಪರರಿಗಾಗಿ ಬೇಡಿಕೊಳ್ಳುವ ಭಾಗ. ನಮ್ಮ ತಾಯಿ ತಮ್ಮ ಪ್ರಾರ್ಥನೆಯಲ್ಲಿ ಊರಿನವರ ಹೆಸರುಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಿದ್ದರು. ಸುಗ್ಗಿಗೆ ನೀರು ಸಾಲದೆ ಕಂಗಾಲಾದ ಪಕ್ಕದ ಗದ್ದೆಯವರು, ಗಾಳಿಮಳೆಯಲ್ಲಿ ದೋಣಿ ಇಳಿಸಿದವರು, ಮನೆ ಬಾಗಿಲಿಗೆ ಮೀನು ತರುವ ಹೆಂಗಸಿನ ಬಸುರಿ ಮಗಳು. ಇವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಮಾರನೆಯ ಬೆಳಿಗ್ಗೆ ಆ ಹೆಂಗಸು ಬುಟ್ಟಿ ಇಳಿಸುತ್ತಿದ್ದಂತೆ ತಾಯಿ ಮಗಳ ಆರೋಗ್ಯ ವಿಚಾರಿಸಿ, ಆಮೇಲೆ ಬಂಗುಡೆಯ ಬೆಲೆ ಕೇಳುತ್ತಿದ್ದರು. ಹೆರಿಗೆಯಾದಾಗ ಹಳೆಯ ಹತ್ತಿ ಸೀರೆಗಳನ್ನು ಒಗೆದು, ಮಡಿಸಿ, ಬಾಣಂತಿಗೆ ಕಳುಹಿಸಿಕೊಟ್ಟರು. ರಾತ್ರಿ ದೇವರ ಮುಂದೆ ಒಬ್ಬರ ಹೆಸರು ಹೇಳಿದ ಮೇಲೆ ಹಗಲು ಅವರನ್ನು ಕಂಡೂ ಕಾಣದಂತೆ ಹಾದುಹೋಗುವುದು ಕಷ್ಟ. ಹೊಟ್ಟೆಗೂ ಬಟ್ಟೆಗೂ ಇಲ್ಲದವನಿಗೆ ಬರಿಯ ಶುಭ ಹಾರೈಸಿ ಕಳುಹಿಸಿದರೆ ಏನು ಪ್ರಯೋಜನ ಎಂದು ಸತ್ಯವೇದದಲ್ಲಿರುವ ಯಾಕೋಬನ ಪತ್ರಿಕೆ ಕೇಳುವುದೂ ಇದನ್ನೇ.

ಕರ್ತನ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಬೇಡಿದ ಬೆನ್ನಿಗೇ ಕ್ಷಮೆಯ ಮಾತು ಬರುತ್ತದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂದು ಬೇಡುವಾಗ, ಬೇಡುವವನು ತನ್ನ ಮೇಲೆಯೇ ಒಂದು ಷರತ್ತು ಹಾಕಿಕೊಳ್ಳುತ್ತಾನೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಈ ಪ್ರಾರ್ಥನೆಯನ್ನು ಕಲಿಸಿದ ಕೂಡಲೇ ಮತ್ತೆ ಎತ್ತಿ ವಿವರಿಸುವುದು ಇದೊಂದನ್ನೇ. ಆಸ್ತಿ ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ಅತ್ತೆಯ ಮುಖ ನೋಡದ ಸೊಸೆ, ಮಗನನ್ನು ಮನೆಗೆ ಸೇರಿಸದ ತಂದೆ, ಇವರೆಲ್ಲರೂ ಈ ಮಾತನ್ನು ಹೇಳಬೇಕು. ವಾರಕ್ಕೊಮ್ಮೆ ಚರ್ಚಿನಲ್ಲಿ ನೂರಾರು ಜನರ ನಡುವೆ ಹೇಳುವಾಗ ಅದು ಬಾಯಿಪಾಠವಾಗಿ ಜಾರಿಹೋಗಬಹುದು. ಮುನಿಸಿಕೊಂಡವರು ಒಂದೇ ಚಾಪೆಯ ಮೇಲೆ ಕುಳಿತು ದಿನವೂ ಹೇಳುವಾಗ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳಲೇಬೇಕು ಎಂಬುದು ನನ್ನ ನಂಬಿಕೆ.

ಕೆಲಸದ ಒತ್ತಡದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುವ ದಾದಿಗೂ ದುಬೈ, ಕುವೈತ್‌ಗಳಲ್ಲಿ ದುಡಿಯುವ ನಮ್ಮ ಊರಿನವರಿಗೂ ಸಂಜೆ ಏಳು ಗಂಟೆಯ ನಿಯಮ ಹೇರಲಾಗದು, ಹೇರಬೇಕಾಗಿಯೂ ಇಲ್ಲ. ಹಾಳುಬಿದ್ದ ಯೆರೂಸಲೇಮಿಗಾಗಿ ಕೊರಗುತ್ತಿದ್ದ ಪರ್ಷಿಯದ ಅರಸನ ಪಾನದಾಯಕ (ದ್ರಾಕ್ಷಾರಸ ಕೊಡುವವ) ನೆಹೆಮೀಯನನ್ನು ಆ ಅರಸನು ‘ನಿನಗೇನು ಬೇಕು’ ಎಂದು ಕೇಳಿದಾಗ, ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವಿನ ಕ್ಷಣದಲ್ಲಿ ಅವನು ಪರಲೋಕದ ದೇವರನ್ನು ಪ್ರಾರ್ಥಿಸಿದನೆಂದು ಸತ್ಯವೇದ ಹೇಳುತ್ತದೆ. ಅಷ್ಟು ಚಿಕ್ಕ ಪ್ರಾರ್ಥನೆಯೂ ಪ್ರಾರ್ಥನೆಯೇ. ಆದರೆ ಆ ಕ್ಷಣಕ್ಕೆ ಮುಂಚೆ ಅವನು ಅನೇಕ ದಿನ ಉಪವಾಸವಿದ್ದು ಹಗಲಿರುಳು ಬೇಡಿಕೊಂಡಿದ್ದ ಎಂಬುದನ್ನೂ ಮರೆಯಬಾರದು. ವಿಡಿಯೊ ಕರೆಯಲ್ಲಿ ಊರಿನ ಅಜ್ಜಿಯೊಡನೆ ತೆರ್ಸ್ ಹೇಳುವುದು ಒಳ್ಳೆಯದೇ. ಯೂಟ್ಯೂಬಿನಲ್ಲಿ ಬೋಧಕರೊಬ್ಬರ ಪ್ರಾರ್ಥನೆಯನ್ನು ಹಚ್ಚಿಟ್ಟು ಅಡುಗೆ ಮಾಡುವುದನ್ನು ಮಾತ್ರ ಕುಟುಂಬ ಪ್ರಾರ್ಥನೆಯೆಂದು ಕರೆಯಲು ನನಗೆ ಮನಸ್ಸಾಗುತ್ತಿಲ್ಲ, ಏಕೆಂದರೆ ಅದರಲ್ಲಿ ಮನೆಯವರ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಪ್ರಾರ್ಥಿಸುವವರು ಔಷಧಿ ಬಿಡಬೇಕೆಂದು ಕೆಲವರು ಬೋಧಿಸುತ್ತಾರೆ. ಇದು ಅಪಾಯಕಾರಿ, ನಮ್ಮ ನಾಡಿನ ಕ್ರೈಸ್ತ ಪರಂಪರೆಗೂ ವಿರುದ್ಧವಾದದ್ದು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡರೋಗಿಗಳಿಗೆ ಔಷಧಿ ಕೊಡಲು ತೊಡಗಿದ ಫಾದರ್ ಮುಲ್ಲರ್ ಧರ್ಮಗುರುಗಳು. ಉಡುಪಿಯಲ್ಲಿ 1923ರಲ್ಲಿ ಆಸ್ಪತ್ರೆ ಆರಂಭಿಸಿದ ಡಾ. ಇವಾ ಲೊಂಬಾರ್ಡ್ ಮಿಷನರಿ. ಇಬ್ಬರದೂ ಪ್ರಾರ್ಥನೆಯ ಬದುಕೇ ಆಗಿತ್ತು, ಆ ಬದುಕಿನಿಂದಲೇ ಈ ಚಿಕಿತ್ಸಾಲಯಗಳು ಹುಟ್ಟಿದವು.

ಚರ್ಚುಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿಯಿದೆ. ಗಾಯನ ತಂಡದ ಅಭ್ಯಾಸ, ಯುವಜನರ ಸಭೆ, ಲೆಕ್ಕಪತ್ರದ ಚರ್ಚೆ, ಎಲ್ಲವನ್ನೂ ಸಂಜೆ ಏಳರಿಂದ ಎಂಟರ ನಡುವೆಯೇ ಇಟ್ಟುಕೊಂಡು, ಭಾನುವಾರ ಪ್ರಸಂಗದಲ್ಲಿ ಕುಟುಂಬ ಪ್ರಾರ್ಥನೆ ಕುಂದುತ್ತಿದೆಯೆಂದು ದುಃಖಿಸಿದರೆ ಮನೆಯವರು ಏನು ಮಾಡಬೇಕು? ಕ್ರಿಸ್‌ಮಸ್ಸಿಗೆ ಮುಂಚೆ ಬರುವ ಅಡ್ವೆಂಟಿನ ನಾಲ್ಕು ವಾರಗಳಾದರೂ ಆ ಒಂದು ಗಂಟೆಯಲ್ಲಿ ಯಾವ ಸಭೆಯನ್ನೂ ಕರೆಯದೆ, ಜನರನ್ನು ಅವರವರ ಮನೆಗಳಲ್ಲಿರಲು ಬಿಡಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ,
ಉಡುಪಿ