ಮತ ಹಾಕಿದ ಮೇಲಿನ ಕೆಲಸ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಓಟು ಹಾಕಿದ್ದಾಯಿತು, ಇನ್ನು ಐದು ವರ್ಷ ಅವರು ಆಡಿದ್ದೇ ಆಟ ಎಂದು ಬರೆದಿದ್ದೀಯೆ. ನಿನ್ನ ಬೇಸರ ನ್ಯಾಯವಾದದ್ದೇ. ಆದರೆ ಕಾನೂನು ನಿನ್ನನ್ನು ಅಷ್ಟು ಕಾಲ ಸುಮ್ಮನೆ ಕೂರು ಎಂದಿಲ್ಲ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಆ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ ನಡೆಯಬೇಕು.

ಎರಡರಲ್ಲಿ ವಾರ್ಡ್ ಸಭೆಯನ್ನು ಮಾತ್ರ ಎಂದೂ ತಪ್ಪಿಸಬೇಡ. ಜನ ಗ್ರಾಮಸಭೆಗೆ ಬಂದು ಗದ್ದಲ ಎಬ್ಬಿಸುತ್ತಾರೆ. ಆದರೆ ಯಾವ ಕೇರಿಗೆ ಚರಂಡಿ, ಯಾರಿಗೆ ಮನೆ ಎಂಬ ಪಟ್ಟಿ ಅಷ್ಟರಲ್ಲಿ ವಾರ್ಡಿನಿಂದ ಸಿದ್ಧವಾಗಿ ಬಂದಿರುತ್ತದೆ, ಹತ್ತು ಜನ ಕೂತು ಬರೆದದ್ದನ್ನು ನೂರು ಜನ ಕೂಗಿದರೂ ಅಳಿಸುವುದು ಕಷ್ಟ. ನಿಮ್ಮ ಕೇರಿಯ ನೀರಿನ ತೊಂದರೆಯನ್ನು ಬರವಣಿಗೆಯಲ್ಲಿ ಕೊಡು. ಅಕ್ಕಪಕ್ಕದ ಹೆಂಗಸರ ಸಹಿ ಹಾಕಿಸು, ಸ್ವೀಕೃತಿ ಪಡೆ, ವಿಷಯ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಬರಬೇಡ. ಸಭೆ ಮುಗಿದ ಮೇಲೆ ಮನೆಮನೆಗೆ ಪುಸ್ತಕ ಕಳಿಸಿ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ತುಂಬಿಸುವ ಚಾಳಿ ಕೆಲವೆಡೆ ಉಂಟು. ಹೋಗದ ಸಭೆಗೆ ಸಹಿ ಮಾಡಬೇಡ, ಪುಸ್ತಕ ಹಿಡಿದು ಬಂದವರು ನಮ್ಮ ನೆಂಟರೇ ಆಗಿದ್ದರೂ.

ಕೆಲಸ ಮಂಜೂರಾಗಿ ಹಣ ಖರ್ಚಾದ ಮೇಲೂ ಪೈಪು ಒಣಗಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕು. ಈ ಹಕ್ಕನ್ನು ಯಾರೂ ದಾನ ಕೊಟ್ಟಿದ್ದಲ್ಲ: ಕೂಲಿಯ ಹಾಜರಿ ಪಟ್ಟಿಯ ನಕಲು ಬೇಕೆಂದು ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಹಳ್ಳಿಗರು 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತಿದ್ದರು. ಕೇಂದ್ರದ ಕಾಯ್ದೆ ಬಂದದ್ದು 2005ರಲ್ಲಿ. ಕರ್ನಾಟಕ 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿಕೊಂಡಿತ್ತು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ನಮ್ಮ ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ 'ಭ್ರಷ್ಟಾಚಾರ ಏಕೆ' ಎಂದು ಕೇಳಿ ಹಾಳೆ ವ್ಯರ್ಥ ಮಾಡದೆ, ಆ ಕಾಮಗಾರಿಯ ಅಂದಾಜುಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲಿನ ನಕಲು ಬೇಕೆಂದಷ್ಟೇ ಬರೆ. ಉತ್ತರ ಬಾರದಿದ್ದರೆ ಮೇಲ್ಮನವಿ ಇದೆ.

ಪಕ್ಷ ಸೇರುವುದು, ಮೆರವಣಿಗೆಗೆ ಹೋಗುವುದು ನಿನ್ನ ಇಷ್ಟ, ಎರಡೂ ಕೀಳಲ್ಲ. ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಸಿಟ್ಟು ತೋರಿಸುವುದನ್ನು ಮಾತ್ರ ನಾನು ರಾಜಕೀಯವೆಂದು ಒಪ್ಪಲಾರೆ.

ಮುಂದಿನ ವಾರ್ಡ್ ಸಭೆ ಯಾವಾಗ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನೇ ಹೋಗಿ ವಿಚಾರಿಸು. ಅರ್ಜಿಯ ಕರಡನ್ನು ಅದಕ್ಕೆ ಮೊದಲೇ ಕಳಿಸಿದರೆ ತಿದ್ದಿ ಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ