ಆರು ಬಣ್ಣದ ಬಾವುಟ ಹೊಲಿಯುವ ಮುನ್ನ

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಏಪ್ರಿಲ್ 27ಕ್ಕೆ ದಕ್ಷಿಣ ಆಫ್ರಿಕಾದ ಸ್ವಾತಂತ್ರ್ಯ ದಿನ. ಆ ದೇಶದ ಬಾವುಟವನ್ನು ನೀನೇ ಹೊಲಿಯುತ್ತೀಯಂತೆ, ಬಹಳ ಸಂತೋಷ. ಕತ್ತರಿ ಹಿಡಿಯುವ ಮೊದಲು ಪೂರ್ತಿ ಅಳತೆಯಲ್ಲಿ ಕಾಗದದ ಮೇಲೆ ಬರೆದುಕೋ.

ಎತ್ತರ 60, ಉದ್ದ 90 ಸೆಂ.ಮೀ. ಇಟ್ಟುಕೊಂಡರೆ 2:3ರ ಅನುಪಾತವೂ ಸರಿ, ಲೆಕ್ಕವೂ ಸುಲಭ. ಹಾರುವ ತುದಿಯಲ್ಲಿ ಮೇಲಿನಿಂದ ಕೆಂಪು 20, ಬಿಳಿ 4, ಹಸಿರು 12, ಬಿಳಿ 4, ನೀಲಿ 20. ಕಂಬದ ಕಡೆಯ ಎರಡೂ ಮೂಲೆಗಳಿಂದ ಬಾವುಟದ ನಟ್ಟನಡುವಿಗೆ ಗೆರೆ ಎಳೆ. ಹಸಿರು ಪಟ್ಟಿ ಮಲಗಿಸಿದ Y ಆಕಾರದ್ದು, ಅದರ ಎರಡು ಓರೆ ತೋಳುಗಳ ಮಧ್ಯರೇಖೆ ಅವೇ. ಕೈ ತಪ್ಪುವುದು ಇಲ್ಲಿ. ಓರೆ ತೋಳಿನ 12 ಸೆಂ.ಮೀ. ಅಗಲವನ್ನು ನೇರ ಮೇಲಿಂದ ಕೆಳಕ್ಕೆ ಅಳೆದರೆ ತೋಳು 10ಕ್ಕೆ ಸೊರಗುತ್ತದೆ. ಗೆರೆಗೆ ಲಂಬವಾಗಿ ಅಳೆ. ತೋಳಿನ ಹೊರಮಗ್ಗುಲಿಗೆ ಬಿಳಿ, ಒಳಮಗ್ಗುಲಿಗೆ ಹೊನ್ನಿನ ಬಣ್ಣ, ಎರಡೂ 4. ಲೆಕ್ಕ ಸರಿಯಿದ್ದರೆ ಕಪ್ಪು ತ್ರಿಕೋನ ಕಂಬದ ಕಡೆ 36 ಸೆಂ.ಮೀ. ಇದ್ದು, ಅದರ ಮೊನೆ 27 ಸೆಂ.ಮೀ. ಒಳಗೆ ಬರುತ್ತದೆ. ಹಾಗೆ ಬಾರದಿದ್ದರೆ ಬಟ್ಟೆ ಮುಟ್ಟಬೇಡ. ಹೊಲಿಗೆಗೆ ಸುತ್ತ ಅಂಚು ಬಿಡು. ಓರೆ ಕತ್ತರಿಸಿದ ಅಂಚು ಎಳೆದಷ್ಟೂ ಹಿಗ್ಗುತ್ತದೆ, ಮೊದಲು ದೂರ ದೂರ ಕೈಹೊಲಿಗೆ ಹಾಕಿ ಹಿಡಿಸು.

ಕೆಂಪು ಬಟ್ಟೆ ಆರಿಸುವಾಗ ಎಚ್ಚರ. ಅಧಿಕೃತ ಹೆಸರು ‘ಚಿಲ್ಲಿ ರೆಡ್’, ಕಿತ್ತಳೆಯ ಕಡೆ ತುಸು ವಾಲಿದ ಕೆಂಪು, ಕಡುಗೆಂಪು ಹೊಂದುವುದಿಲ್ಲ.

ಕೆಂಪೆಂದರೆ ರಕ್ತ, ಹಸಿರೆಂದರೆ ಹೊಲ ಎಂದು ಪಕ್ಕದಲ್ಲಿ ಚೀಟಿ ಅಂಟಿಸಬೇಡ ಮಗಳೇ. ಸರ್ಕಾರ ಯಾವ ಬಣ್ಣಕ್ಕೂ ಅಧಿಕೃತ ಅರ್ಥ ಕಟ್ಟಿಲ್ಲ. ಕಪ್ಪು, ಹಸಿರು, ಹೊನ್ನು ಮಂಡೇಲರ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಬಾವುಟದಲ್ಲಿದ್ದವು. ಕೆಂಪು, ಬಿಳಿ, ನೀಲಿ ಬ್ರಿಟಿಷರ ಮತ್ತು ಹಳೆಯ ಬೋಯರ್ (ಅಲ್ಲಿ ನೆಲೆಸಿದ ಡಚ್ ಮೂಲದವರ) ಗಣರಾಜ್ಯಗಳ ಬಾವುಟಗಳಲ್ಲಿದ್ದವು. ಬೇರೆ ಬೇರೆ ಮೂಲೆಯಿಂದ ಹೊರಟ ಎರಡು ದಾರಿ ನಡುವೆ ಕೂಡಿ ಒಂದಾಗಿ ಮುಂದೆ ಸಾಗುವುದೇ ಈ ವಿನ್ಯಾಸದ ಜೀವ. ಅದನ್ನು ಬೇಕಾದರೆ ಬರೆ.

ಹೊಸ ಬಾವುಟಕ್ಕೆಂದು ಸಾರ್ವಜನಿಕರಿಂದ 7000ಕ್ಕೂ ಹೆಚ್ಚು ವಿನ್ಯಾಸಗಳು ಬಂದರೂ ಒಂದೂ ಒಪ್ಪಿಗೆಯಾಗಲಿಲ್ಲ. ಚುನಾವಣೆ ಹತ್ತಿರವಾಗಿತ್ತು. ಸರ್ಕಾರದ ಲಾಂಛನ ವಿಭಾಗದ ಮುಖ್ಯಸ್ಥ ಫ್ರೆಡರಿಕ್ ಬ್ರೌನೆಲ್ ಅವರ ವಿನ್ಯಾಸ 1994ರ ಮಾರ್ಚ್ 15ರಂದು ಒಪ್ಪಿಗೆಯಾಗಿ, ಏಪ್ರಿಲ್ 27ರಂದು, ಎಲ್ಲ ಜನಾಂಗದವರೂ ಮತ ಹಾಕಿದ ಮೊದಲ ಚುನಾವಣೆಯ ಹೊತ್ತಿಗೆ, ಹಾರಿತು. ತಾತ್ಕಾಲಿಕವೆಂದು ಬಂದದ್ದನ್ನು 1996ರ ಸಂವಿಧಾನ ಉಳಿಸಿಕೊಂಡಿತು.

ಏರಿಸುವಾಗ ಕೆಂಪು ಮೇಲಿರಲಿ. ಮೇಲೂ ಕೆಳಗೂ ಒಂದೇ ಆಕಾರವಾದ್ದರಿಂದ ತಲೆಕೆಳಗಾದರೆ ಬೇಗ ಗೊತ್ತಾಗುವುದಿಲ್ಲ. ಗೋಡೆಗೆ ಉದ್ದುದ್ದ ಇಳಿಬಿಟ್ಟರೆ ಕಂಬದ ಅಂಚು ಮೇಲೆ, ಕೆಂಪು ನೋಡುವವರ ಎಡಕ್ಕೆ.

ಇತಿ,
ನಿನ್ನ ದೊಡ್ಡಪ್ಪ